ಇಪ್ಪತ್ತೊಂದು ಮೊಳದ ಬಳ್ಳಿ

ನಮ್ಮೂರಲ್ಲಿ ಒಂದು ಮೊಳ ಎಂದರೆ ನನ್ನ ಮೊಳ. ನನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎಷ್ಟಿದೆಯೋ ಅಷ್ಟು. ಬಟ್ಟೆಯಂಗಡಿಯವನ ಮೀಟರ್ ಕೋಲು ಅವನ ಅಂಗಡಿಯೊಳಗೇ ಇರಲಿ, ಬಳ್ಳಿ ಅಳೆಯುವುದಕ್ಕೆ ದ್ಯಾವೀರಮ್ಮನ ಕೈಯೇ ಆಗಬೇಕು. ಮೂವತ್ತೊಂದು ವರ್ಷದಿಂದ ಹೀಗೇ ನಡೆದುಬಂದಿದೆ. ಮಗುವನ್ನು ಹೊರಗೆ ತರುವವಳೂ ನಾನೇ, ಮಾಸು ಹೂಳುವವಳೂ ನಾನೇ, ಒಂಬತ್ತನೇ ದಿನ ಹೋಗಿ ಬಳ್ಳಿ ಅಳೆಯುವವಳೂ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಇಲ್ಲವೆನ್ನಲಾರೆ. ಅದು ಹೇಗೆ ಇಳಿಯಿತು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಮಗು ಹುಟ್ಟಿದ ಮೇಲೆ ಬೀಳುವ ಮಾಸನ್ನು ಹಿತ್ತಲಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ಹೂಳುತ್ತೇವೆ. ನಾಲ್ಕನೇ ದಿನಕ್ಕೆ ಮಣ್ಣು ಬಿರಿಯುತ್ತದೆ. ಒಂಬತ್ತನೇ ದಿನಕ್ಕೆ ಬಳ್ಳಿ ಎಷ್ಟು ಬೆಳೆಯಬೇಕೋ ಅಷ್ಟು ಬೆಳೆದು ನಿಂತಿರುತ್ತದೆ. ಆಮೇಲೆ ಒಂದು ಎಲೆಯೂ ಹೆಚ್ಚಾಗುವುದಿಲ್ಲ. ಕೆಲವರದು ಆರು ಮೊಳ, ಕೆಲವರದು ಹದಿನಾರು. ಕರಿಗೆಂಪು ಕಾಂಡ, ಅಂಗೈಯಗಲದ ಎಲೆ, ಹೂವಿಲ್ಲ, ಕಾಯಿಲ್ಲ. ಆಡು ಬಂದು ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ ಬಳ್ಳಿ ತಾನಾಗಿ ಒಣಗಿ ಉದುರುತ್ತದೆ, ಅಲ್ಲಿಯವರೆಗೆ ಯಾರೂ ಕಡಿಯುವಂತಿಲ್ಲ. ಕರೆಂಟಿನವರು ತಂತಿಗೆ ಸುತ್ತಿದ ಬಳ್ಳಿ ಬಿಡಿಸಬೇಕಾದರೆ ಏಣಿ ಇಳಿದು ಬಂದು ಬಾಣಂತಿಯ ಒಪ್ಪಿಗೆ ಕೇಳುತ್ತಾರೆ. ಪಕ್ಕದ ಮನೆಯ ಸೂರಿನ ಮೇಲೆ ಹಬ್ಬಿದರೆ ಆ ಮನೆಯವರು ಬಟ್ಟೆ ಒಣಗಿಸುವ ಹಗ್ಗವನ್ನು ಬೇರೆ ಕಡೆ ಕಟ್ಟಿಕೊಳ್ಳುತ್ತಾರೆ. ಗೊಣಗುತ್ತಾರೆ, ಆದರೆ ಕಟ್ಟಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯದು ಎಷ್ಟು ಮೊಳ ಎಂದು ಮೊದಲು ಕೇಳಿ, ಓದು ಬರಹ ಎಲ್ಲ ಆಮೇಲೆ ವಿಚಾರಿಸುತ್ತಾರೆ.

ಉದ್ದ ಬಳ್ಳಿ ಎಂದರೆ ತುಂಬಿದ ಮನೆ, ಚೆನ್ನಾಗಿ ಉಂಡ ತಾಯಿ. ತಾಯಿ ಉಂಡದ್ದು ಮಾಸಿಗೆ ಇಳಿಯುತ್ತದೆ, ಮಾಸಿಗೆ ಇಳಿದದ್ದೇ ಬಳ್ಳಿಯಾಗಿ ಏಳುತ್ತದೆ. ನಮ್ಮೂರಲ್ಲಿ ಎಳೆ ಮಕ್ಕಳಿಗೂ ಇದು ಗೊತ್ತಿತ್ತು. ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಬಳ್ಳಿ ಅಳೆಯುವುದು ಬರೀ ಶೋಕಿಗಲ್ಲ. ಊರ ನಡುವೆ ಪಾಲಿನ ಮನೆ ಇದೆ. ಸುಗ್ಗಿಯಲ್ಲಿ ಪ್ರತಿ ಹೊಲದವರೂ ಬೆಳೆಯ ಒಂದು ಪಾಲು ತಂದು ಅಲ್ಲಿ ಸುರಿಯುತ್ತಾರೆ. ಐದು ತಿಂಗಳು ತುಂಬಿದ ಬಸುರಿಯರೆಲ್ಲ ದಿನಾ ಮಧ್ಯಾಹ್ನ ಅಲ್ಲಿ ಬಂದು ಉಣ್ಣುತ್ತಾರೆ. ನಾನು ಸೂಲಗಿತ್ತಿಯಾದ ಹೊಸದರಲ್ಲಿ ಮೊದಲು ಬಂದವರಿಗೆ ಗಟ್ಟಿ, ಕೊನೆಗೆ ಬಂದವರಿಗೆ ಪಾತ್ರೆಯ ತಳ ಎಂಬಂತಿತ್ತು. ಇದು ಅನ್ಯಾಯ ಎಂದು ನಾನೇ ಒಂದು ಕಟ್ಟಳೆ ತಂದೆ. ಹಿಂದಿನ ಬಾಣಂತನದ ಬಳ್ಳಿ ಹನ್ನೆರಡು ಮೊಳ ದಾಟಿದ್ದರೆ ಆ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಅವಳಿಗೆ ಅರ್ಧ ಪಾಲು: ಒಂದು ಮುದ್ದೆ, ತಿಳಿಸಾರು. ಹನ್ನೆರಡರ ಒಳಗಿದ್ದರೆ ಪೂರ್ತಿ ಪಾಲು: ಮುದ್ದೆ, ಗಟ್ಟಿ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಮೊಟ್ಟೆ, ಎಳ್ಳುಂಡೆ. ಚೊಚ್ಚಲ ಬಸುರಿಯಾದರೆ ಅವಳ ಗಂಡ ಹುಟ್ಟಿದಾಗ ಎದ್ದ ಬಳ್ಳಿ ಎಷ್ಟಿತ್ತೆಂದು ನೋಡುವುದು. ಹೊಟ್ಟೆ ತುಂಬಿದವರಿಗೆ ಕಡಿಮೆ, ಹಸಿದವರಿಗೆ ಹೆಚ್ಚು.

ಊರೇ ಹೊಗಳಿತು. ಫಲವೂ ಕಣ್ಣೆದುರಿಗೆ ಇತ್ತು. ಪೂರ್ತಿ ಪಾಲು ಉಂಡವರ ಮಕ್ಕಳು ಗುಂಡುಗುಂಡಗೆ ಹುಟ್ಟಿದವು. ಆ ಬಸುರಿಯರಲ್ಲಿ ಮುಕ್ಕಾಲು ಪಾಲು ಗದ್ದೆ, ಎಮ್ಮೆ, ಕೋಳಿ ಎಲ್ಲ ಇದ್ದ ಮನೆಯವರು ಎಂಬುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅನುಕೂಲಸ್ಥರ ಸೊಸೆಯರಿಗೆ ಯಾಕೋ ಬಳ್ಳಿ ಗಿಡ್ಡವಾಗುತ್ತದೆ, ಪಾಪ, ಏನು ದೋಷವೋ ಎಂದು ಅವರ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿಸುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ನನ್ನ ಕಟ್ಟಳೆ ಹಾಗಿತ್ತು.

ನೀಲವೇಣಿ ಹೊರಗಿನೂರಿನವಳು. ಅವಳೂರಲ್ಲಿ ಮಾಸು ಹೂತರೆ ಬರೀ ಮಣ್ಣಾಗುತ್ತದಂತೆ. ಟೀ ಅಂಗಡಿಯ ಬೋರಲಿಂಗನನ್ನು ಮದುವೆಯಾಗಿ ಬಂದಳು. ಬೋರಲಿಂಗನ ಬಳ್ಳಿ ಹತ್ತೊಂಬತ್ತು ಮೊಳ, ಹಾಗಾಗಿ ಅವಳ ಚೊಚ್ಚಲಿಗೆ ಅರ್ಧ ಪಾಲು ಬಂತು. ಮಾಘ ಮಾಸದಲ್ಲಿ ಹೆತ್ತಳು. ಮಾಸು ಕೈಗೆ ಬಂದಾಗ ನನಗೇ ಆಶ್ಚರ್ಯವಾಯಿತು, ಮೊರದ ತುಂಬ ಹರಡಿಕೊಳ್ಳುವಷ್ಟು ಅಗಲ. ಒಂಬತ್ತನೇ ದಿನ ಬಳ್ಳಿ ಟೀ ಅಂಗಡಿಯ ಶೀಟುಗಳನ್ನೆಲ್ಲ ಮುಚ್ಚಿ ಬೇವಿನ ಮರಕ್ಕೆ ಕೈ ಚಾಚಿತ್ತು. ಅಳೆದೆ. ಇಪ್ಪತ್ತೊಂದು ಮೊಳ. ಊರಿನ ನೆನಪಿನಲ್ಲಿ ಅಷ್ಟುದ್ದ ಎದ್ದದ್ದಿಲ್ಲ. ತಮಟೆ ಬಾರಿಸಿದರು, ಅರಿಸಿನದ ಬಟ್ಟೆ ಕಟ್ಟಿದರು, ಆಚೆ ಬೀದಿಯವರು ಈಚೆ ಬೀದಿಯವರು ಬಂದು ಕತ್ತೆತ್ತಿ ನೋಡಿ ಟೀ ಕುಡಿದು ಹೋದರು. ಅಷ್ಟು ಜನದಲ್ಲಿ ಒಳಗೆ ಹೋಗಿ ಮಗುವನ್ನು ನೋಡಿದವರು ಮೂರೋ ನಾಲ್ಕೋ ಜನ.

ಹೆಣ್ಣು ಮಗು. ಸಣ್ಣದು. ತೊಡೆಯ ಚರ್ಮ ಅಜ್ಜಿಯ ಕೈಯ ಹಾಗೆ ಸಡಿಲವಾಗಿತ್ತು. ಅಳುವಾಗಲೂ ದನಿ ತೊಟ್ಟಿಲು ದಾಟುತ್ತಿರಲಿಲ್ಲ.

"ಅಕ್ಕ, ಇದು ಇಷ್ಟೇ ಐತಲ್ಲ," ಎಂದು ನೀಲವೇಣಿ ಕೇಳಿದಳು.

"ಅಷ್ಟುದ್ದ ಬಳ್ಳಿ ಎಬ್ಬಿಸಿರೋ ಮಗ ಕಣವ್ವ. ತಾನೇ ತುಂಬ್ಕೊತದೆ ಬುಡು," ಎಂದೆ ನಾನು. ಅನುಮಾನವೇ ಇಲ್ಲದೆ ಹೇಳಿದೆ.

ಇಪ್ಪತ್ತನೇ ದಿನ ಮಧ್ಯಾಹ್ನ ಮಗು ಹೋಯಿತು. ಕಾಯಿಲೆ ಎಂದು ಹೇಳಲು ಏನೂ ಇರಲಿಲ್ಲ, ಎಣ್ಣೆ ಮುಗಿದ ದೀಪ ಆರಿದ ಹಾಗೆ ಆರಿತು. ಮಗುವಿಲ್ಲದ ಬಳ್ಳಿಯನ್ನು ಏನು ಮಾಡಬೇಕೆಂದು ನಮ್ಮೂರಿನ ಪದ್ಧತಿಯಲ್ಲಿ ಇಲ್ಲ. ಅದು ವರ್ಷವಿಡೀ ಹಸಿರಾಗಿಯೇ ಇತ್ತು. ನೀಲವೇಣಿ ಅದರ ನೆರಳಲ್ಲೇ ಲೋಟ ತೊಳೆದಳು. ದಾರಿಯಲ್ಲಿ ಹೋಗುವವರು, ಏನೇ ಅನ್ನಿ, ಬಳ್ಳಿ ಅಂದರೆ ಇದು, ಎನ್ನುತ್ತಿದ್ದರು. ನಾನೂ ಒಮ್ಮೆ ಅಂದಿದ್ದೆ.

ಎರಡು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಳು. ಐದು ತಿಂಗಳು ತುಂಬಿ ಪಾಲಿನ ಮನೆಗೆ ಬಂದ ದಿನ ಯಜಮಾನಿ ಗುರುಸಿದ್ದಮ್ಮ ಎಂದಿನಂತೆ ನನ್ನ ಮುಖ ನೋಡಿದಳು. "ಇಪ್ಪತ್ತೊಂದು ಮೊಳ. ಅರ್ಧ ಪಾಲು," ಎಂದೆ. ನೀಲವೇಣಿ ತಟ್ಟೆ ಹಿಡಿದು ಮೂಲೆಯಲ್ಲಿ ಕೂತು ಉಂಡು ಎದ್ದುಹೋದಳು.

ಹದಿನೈದು ದಿನವಾಗಿರಬಹುದು. ಪಾಲಿನ ಮನೆಯ ಹಿಂದುಗಡೆ ಕೈ ತೊಳೆಯಲು ಹೋದರೆ ಅವಳು ಗೋಡೆಗೆ ಮುಖ ಮಾಡಿ ಏನೋ ಕಟಕಟ ಕಡಿಯುತ್ತಿದ್ದಳು.

"ಏನವ್ವ ಅದು ಬಾಯಲ್ಲಿ?"

"ಏನಿಲ್ಲ ಕಣಕ್ಕ."

"ಬಾಯಿ ತೆಗಿ."

ನಾಲಗೆಯ ಮೇಲೆ ಹೆಂಚಿನ ಚೂರು ಇತ್ತು. ನಾಲಗೆಗೆ ಬಣ್ಣವೇ ಇರಲಿಲ್ಲ. ಕೆಳಗಿನ ರೆಪ್ಪೆ ಎಳೆದು ನೋಡಿದೆ, ಬೆಳ್ಳುಳ್ಳಿ ಎಸಳಿನಂತೆ ಬಿಳುಚಿಕೊಂಡಿತ್ತು.

"ಅದರ ವಾಸ್ನೆ ಬಂದ್ರೆ ತಡ್ಕೊಳ್ಳಕ್ಕೆ ಆಗಲ್ಲ," ಎಂದಳು ತಲೆ ತಗ್ಗಿಸಿ. "ಹೋದ್ಸಲಾನೂ ಹಿಂಗೇ ತಿಂತಿದ್ದೆ."

"ಮನೇಲಿ ಏನು ಉಣ್ತೀಯ?"

"ಟೀ ಕೊಡ್ತಾರೆ. ಬೆಳಿಗ್ಗೆ ಟೀ ಬನ್ನು. ರಾತ್ರಿ ಮುದ್ದೆ ಉಂಡು ಮೇಲೊಂದು ಟೀ. ಹಸಿವಾದಾಗೆಲ್ಲ ಟೀ."

ಬೋರಲಿಂಗನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಅಂಗಡಿಗೆ ಹೋದರೆ ಅವನು ಹೆಮ್ಮೆಯಿಂದ ಎದೆಯುಬ್ಬಿಸಿದ. "ದಿನಕ್ಕೆ ಎಂಟು ಲೋಟ ಕಣಕ್ಕ, ಗಟ್ಟಿ ಡಿಕಾಕ್ಷನ್ನು, ಕೆನೆ ಹಾಕಿ. ಗಿರಾಕಿಗೂ ಅಂಥದ್ದು ಕೊಡಲ್ಲ. ಹೆಂಡ್ತೀನ ನನ್ನಂಗೆ ನೋಡ್ಕೊಳ್ಳೋನು ಈ ಊರಲ್ಲಿ ಇನ್ನೊಬ್ಬ ಇದ್ರೆ ತೋರ್ಸು." ಅವನನ್ನು ಏನೆಂದು ಬಯ್ಯುವುದು. ಪ್ರೀತಿ ಇದ್ದವನಿಗೆ ಬಯ್ಗುಳ ಹತ್ತುವುದಿಲ್ಲ.

ಮನೆಗೆ ಬಂದೆ. ನಿದ್ದೆಗೆಡುವ ಹೆಂಗಸು ನಾನಲ್ಲ, ಚೆನ್ನಾಗಿಯೇ ಮಲಗಿದೆ. ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಫಲ ಮುಗಿದ ಅವರೆ ಗಿಡ ಕೀಳುತ್ತಿದ್ದೆ. ಬಚ್ಚಲ ನೀರು ಹೋಗುವ ಕಡೆ ಎದೆಯುದ್ದ ಬೆಳೆದಿದ್ದ ಗಿಡ ಹಿಡಿದು ಎಳೆದರೆ ಸುಲಭವಾಗಿ ಬಂತು, ಬುಡದಲ್ಲಿ ಒಂದು ಹಿಡಿ ಬೇರು. ಆಚೆ ದಿಬ್ಬದ ಮೇಲೆ ನೀರಿಲ್ಲದ ಕಡೆ ಗೇಣುದ್ದ ನಿಂತಿದ್ದ ಗಿಡವನ್ನು ಎಳೆದರೆ ಬರಲಿಲ್ಲ. ಗುದ್ದಲಿ ತಂದು ಅಗೆದೆ. ಬೇರು ಅತ್ತ ಬೇಲಿಯವರೆಗೆ, ಇತ್ತ ಕಲ್ಲಿನವರೆಗೆ ಹೋಗಿತ್ತು. ರೂಢಿಯಂತೆ ಕೈ ಇಟ್ಟು ಅಳೆದೆ. ನಾಲ್ಕು ಮೊಳ.

ಗುದ್ದಲಿ ಕೆಳಗಿಟ್ಟು ದಿಬ್ಬದ ಮೇಲೆ ಕೂತೆ. ಇಂಥ ಗಿಡಗಳನ್ನು ಹುಟ್ಟಿದಾಗಿನಿಂದ ಕಿತ್ತಿದ್ದೇನೆ. ನೀರಿದ್ದಲ್ಲಿ ಬೇರಿಗೆ ಕೆಲಸವಿಲ್ಲ, ನೀರಿಲ್ಲದಲ್ಲಿ ಬೇರು ಊರೂರು ಅಲೆಯುತ್ತದೆ. ಮಾಸು ಎಂದರೆ ಮಗು ತಾಯಿಯೊಳಗೆ ಬಿಟ್ಟ ಬೇರು, ಅಷ್ಟೇ ತಾನೆ. ತಾಯಿಯ ರಕ್ತದಲ್ಲಿ ಸಾರವಿದ್ದರೆ ಅಂಗೈಯಗಲದ ಮಾಸು ಸಾಕು, ಸೋಸಿ ಸೋಸಿ ಮಗುವಿಗೆ ದಾಟಿಸುತ್ತದೆ. ಸಾರವಿಲ್ಲದಿದ್ದರೆ ಅದು ಮೈ ಚಾಚುತ್ತದೆ, ಇನ್ನೂ ಅಗಲವಾಗುತ್ತದೆ, ಎಲ್ಲಿ ಒಂದು ತೊಟ್ಟು ಸಿಕ್ಕೀತು ಎಂದು ತಡಕುತ್ತದೆ. ತಾಯಿಯಲ್ಲೇ ಇಲ್ಲದ್ದನ್ನು ಅದು ಎಷ್ಟು ಚಾಚಿದರೂ ಎಲ್ಲಿಂದ ದಾಟಿಸೀತು. ಮೂವತ್ತೊಂದು ವರ್ಷ ನಾನು ಹಸಿವನ್ನು ಅಳೆದು ಅದಕ್ಕೆ ಅರಿಸಿನದ ಬಟ್ಟೆ ಕಟ್ಟಿಸಿದ್ದೆ.

ಒಬ್ಬೊಬ್ಬರಾಗಿ ನೆನಪಾದರು. ಹದಿನಾರು ಮೊಳದ ಕುಂಬಾರರ ಕೂಸು, ನಡೆಯುವುದಕ್ಕೆ ಎರಡೂವರೆ ವರ್ಷ ಹಿಡಿಯಿತು. ಹದಿನೈದು ಮೊಳದ ಅವಳಿ, ಒಂದು ಉಳಿಯಿತು. ಕೊನೆಗೆ ನನ್ನ ಮಗನ ಬಳ್ಳಿಯೂ ನೆನಪಾಯಿತು. ನೆನಪಾಗಬಾರದೆಂದು ಅಷ್ಟು ವರ್ಷ ಒತ್ತಿ ಹಿಡಿದಿದ್ದೆ. ಎರಡು ಬಿಂದಿಗೆ ನೀರು ಹೊತ್ತರೆ ಅವನು ಈಗಲೂ ಏದುಸಿರು ಬಿಡುತ್ತಾನೆ.

ವಾರಕ್ಕೊಮ್ಮೆ ಬರುವ ನರ್ಸಮ್ಮ ಒಬ್ಬಳಿದ್ದಳು. ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದಿಲ್ಲ, ಊಟಕ್ಕೂ ಟೀಗೂ ಎರಡು ಗಂಟೆ ಅಂತರ ಇರಲಿ, ಮಾತ್ರೆ ತಪ್ಪಿಸಬೇಡಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದಳು. ಮೊನ್ನೆ ಮೊನ್ನೆ ಹುಟ್ಟಿದವಳು ನನಗೆ ಹೇಳಿಕೊಡುತ್ತಾಳೆ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವತ್ತು ನಾನೇ ಅವಳನ್ನು ಹುಡುಕಿಕೊಂಡು ಹೋದೆ. ಅವರೆ ಗಿಡದ ಮಾತು ಹೇಳಿದೆ. ಅವಳು ನಗಲಿಲ್ಲ. "ನೀವು ಹೇಳಿದ್ದು ಸರಿ ದ್ಯಾವೀರಮ್ಮ. ರಕ್ತ ಕಡಿಮೆ ಇರೋರಲ್ಲಿ ಮಾಸು ಹಿಗ್ಗತ್ತೆ. ನಾವು ಓದಿ ತಿಳ್ಕೊಂಡಿದ್ದನ್ನ ನೀವು ಅಗೆದು ತಿಳ್ಕೊಂಡಿದೀರಿ," ಎಂದಳು. ಇನ್ನೂ ಕಾಲ ಮೀರಿಲ್ಲವೇ ಎಂದು ಕೇಳಿದೆ. ಆರನೇ ತಿಂಗಳಿಂದ ಮಗು ತುಂಬಿಕೊಳ್ಳುವ ಕಾಲ, ಈಗ ಹಿಡಿದರೆ ಹಿಡಿದಂತೆ ಎಂದಳು. ನನಗೆ ಅಷ್ಟು ಸಾಕಾಯಿತು.

ಮಂಗಳವಾರ ಪಾಲಿನ ಮನೆಯಲ್ಲಿ ಊಟ ಮುಗಿದ ಮೇಲೆ ಹೆಂಗಸರು ಯಾರೂ ಏಳಬೇಡಿ ಎಂದೆ. ಮೂವತ್ತು ಜನ ಇದ್ದರು, ಬಸುರಿಯರು, ಅವರ ಅತ್ತೆಯರು, ಬಡಿಸುವವರು. ಕಟ್ಟಳೆ ಬದಲಾಗಬೇಕು, ಇನ್ನು ಮೇಲೆ ಬಳ್ಳಿ ನೋಡಿ ಪಾಲು ಬೇಡ, ರೆಪ್ಪೆ ನೋಡಿ, ನಾಲಗೆ ನೋಡಿ ಪಾಲು ಕೊಡೋಣ, ಉದ್ದ ಬಳ್ಳಿ ಹಸಿವಿನ ಗುರುತು ಎಂದೆ. ಹಿತ್ತಲಲ್ಲಿ ಕಿತ್ತ ಅವರೆ ಗಿಡದ ಮಾತನ್ನೂ ಹೇಳಿದೆ.

ಗುರುಸಿದ್ದಮ್ಮನ ಮುಖ ಊದಿ ಗಡಿಗೆಯಾಯಿತು. ಅನುಕೂಲಸ್ಥರಲ್ಲಿ ಉದ್ದ ಬಳ್ಳಿ ಎದ್ದದ್ದು ಅವಳ ಮನೆಯಲ್ಲಿ ಮಾತ್ರ, ಸೊಸೆಯ ಬಾಣಂತನದಲ್ಲಿ, ಹದಿನೆಂಟು ಮೊಳ. ಆ ಮಾತು ಆಡದೆ ಅವಳು ಎಲೆ ಅಡಿಕೆಯನ್ನೂ ಹಾಕಿಕೊಳ್ಳುತ್ತಿರಲಿಲ್ಲ.

"ಹಂಗಾದ್ರೆ ಉದ್ದ ಬಳ್ಳಿ ಮನೆಯೋರೆಲ್ಲ ಸೊಸೇರ್ನ ಉಪಾಸ ಕೆಡವಿದೀವಿ ಅಂತ ಊರ ಮುಂದೆ ಯೋಳ್ತಿದೀಯ," ಎಂದಳು. "ನಮ್ಮನೆ ಕಣಜ ಬರಿದಾಗಿದ್ದು ಯಾವತ್ತಾದ್ರೂ ಕಂಡಿದೀಯಾ ನೀನು?"

"ಕಣಜದಲ್ಲಿ ಇರೋದು ಬ್ಯಾರೆ, ತಟ್ಟೆಗೆ ಬೀಳೋದು ಬ್ಯಾರೆ ಗುರುಸಿದ್ದವ್ವ."

"ಮೂವತ್ತು ವರ್ಷ ನೀನೇ ಅಳ್ದೆ, ನೀನೇ ಹೊಗಳ್ದೆ. ಇವತ್ತು ಒಂದು ಅವರೆ ಗಿಡ ಕಿತ್ತು ಬಂದು ಎಲ್ರ ಮಾನ ಕಳೀತೀಯಾ?"

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಾನ ಕಳೆಯುವುದಿದ್ದರೆ ನನ್ನದರಿಂದಲೇ ಶುರುವಾಗಬೇಕು.

"ನನ್ ಮಗಂದು ಎಷ್ಟು ಮೊಳ?" ಎಂದು ಕೇಳಿದೆ.

"ಹದಿನೇಳು," ಎಂದರು ನಾಲ್ಕೈದು ಜನ.

"ಆ ಒಂಬತ್ತು ತಿಂಗ್ಳು ನಾನು ಏನು ತಿಂದೆ?"

"ಹಾಲು, ತುಪ್ಪ, ಕೊಬ್ರಿ. ನೀನೇ ಯೋಳ್ತಿದ್ದೆಯಲ್ಲ ದ್ಯಾವಕ್ಕ," ಎಂದಳು ಒಬ್ಬಳು.

"ಸುಳ್ಳು ಯೋಳ್ದೆ. ಹೊತ್ತಾರೆ ಅಂಬ್ಲಿ, ಸಾಯಂಕಾಲ ಅದೇ ಅಂಬ್ಲಿಗೆ ನೀರು. ಮಣ್ಣಿನ ಗೋಡೆ ಕೆರ್‍ಕೊಂಡು ತಿಂದಿದೀನಿ. ಬಳ್ಳಿ ಹದಿನೇಳು ಮೊಳ ಎದ್ದಾಗ ಊರೆಲ್ಲ ನಮ್ಮನೆ ಬಾಗ್ಲಿಗೆ ಬಂತು. ನನ್ನ ಜೀವಮಾನದಲ್ಲಿ ಮೊದಲ್ನೇ ಸಲ ನಾನು ದೊಡ್ಡೋಳಾದೆ. ತುಪ್ಪ ತಿಂದೆ ಅಂದ್ಬುಟ್ಟೆ. ಅಂದಿದ್ದೇ ನಂಬ್ಕೊಂಡೂ ಬುಟ್ಟೆ."

ಕುಂಬಾರರವಳು ಎದ್ದು ನಿಂತು, "ನಂದೂ ಸುಳ್ಳೇ," ಎಂದಳು. "ಬರೀ ಮುದ್ದೆ, ಹುಣಸೇಹುಳಿ." ಬಾಗಿಲ ಬಳಿ ಕೂತಿದ್ದ ಮುದುಕಿಯೊಬ್ಬಳು, ನಾನು ಗೆಣಸಿನ ಸಿಪ್ಪೆ ಬೇಯಿಸಿಕೊಂಡು ತಿಂದೆ, ನನ್ನ ಬಳ್ಳಿ ಹದಿನಾಲ್ಕು ಮೊಳ ಎಂದಳು. ಒಬ್ಬೊಬ್ಬರಾಗಿ ಹೇಳುತ್ತ ಬಂದರು. ಯಾರೂ ಅಳಲಿಲ್ಲ. ಭಾರ ಇಳಿಸಿದವರಂತೆ ಕೆಲವರು ನಕ್ಕರು ಕೂಡ. ಹಸಿವು ಬಳ್ಳಿಯಾಗಿ ಎದ್ದು ಮರ್ಯಾದೆ ತಂದುಕೊಟ್ಟಾಗ ಹಸಿದಿದ್ದೆ ಎಂದು ಯಾವಳು ತಾನೆ ಬಾಯಿ ಬಿಡುತ್ತಾಳೆ.

"ನಮ್ಮನೇಲಿ ಅಂಥದ್ದು ನಡ್ದಿಲ್ಲ," ಎಂದಳು ಗುರುಸಿದ್ದಮ್ಮ.

ಅವಳ ಸೊಸೆ ಜಯಶೀಲಾ ಬಡಿಸುವ ಸರದಿಯವಳು. ನೀರಿನ ಚೆಂಬು ಹಿಡಿದು ಕಂಬದ ಪಕ್ಕ ನಿಂತಿದ್ದಳು. ಆ ಮನೆಗೆ ಬಂದು ಏಳು ವರ್ಷವಾಗಿತ್ತು, ನಾಲ್ಕು ಜನರ ಮುಂದೆ ಅವಳ ದನಿ ನಾನು ಕೇಳಿರಲಿಲ್ಲ.

"ಮುದ್ದೆ ಮತ್ತೆ ಉಪ್ಪುಸಾರಿನ ತಿಳಿ," ಎಂದಳು ನೆಲ ನೋಡುತ್ತ. "ಹೊಟ್ಟೇಲಿರೋದು ದೊಡ್ಡದಾದ್ರೆ ಹೆರಿಗೆ ಕಷ್ಟ ಆಯ್ತದೆ ಅಂತ ಅತ್ತೆಮ್ಮ ಕಮ್ಮಿ ಹಾಕ್ತಿದ್ರು. ಒಳ್ಳೇದಕ್ಕೇ ಹಾಕ್ತಿದ್ರು. ನನಗೆ ಹಸಿವಾಗ್ತಿತ್ತು."

ಗುರುಸಿದ್ದಮ್ಮ ಸೊಸೆಯನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, ಒಳಗೆ ಹೋಗಿ ಗಟ್ಟಿ ಸಾರಿನ ಪಾತ್ರೆಯನ್ನು ತಾನೇ ಹೊತ್ತು ತಂದಳು. ಅರ್ಧ ಪಾಲಿನವರ ಸಾಲಿನಲ್ಲಿ ಮೊದಲು ಕೂತಿದ್ದವಳು ನೀಲವೇಣಿ. ಅವಳ ತಟ್ಟೆಗೆ ಎರಡು ಸೌಟು ಸುರಿದು, "ಉಣ್ಣು," ಎಂದಳು. ಕಟ್ಟಳೆ ಬದಲಾಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮರುದಿನದಿಂದ ನಾನು ರೆಪ್ಪೆ ನೋಡಿದೆ, ಅವಳು ಬಡಿಸಿದಳು.

ಒಂದು ಮಾತನ್ನು ಮಾತ್ರ ಅವತ್ತು ನುಂಗಿಕೊಂಡೆ. ನೀಲವೇಣಿಯ ಮೊದಲ ಮಗುವಿನ ಸುದ್ದಿಯನ್ನು ನಾನೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ. ಅವಳು ನನ್ನನ್ನೇ ನೋಡುತ್ತ ನಿಧಾನವಾಗಿ ಉಣ್ಣುತ್ತಿದ್ದಳು.

ಆಮೇಲಿನ ನಾಲ್ಕು ತಿಂಗಳು ನಾನು ಬೋರಲಿಂಗನ ಟೀ ಅಂಗಡಿಯ ಮುಂದೆ ಕಲ್ಲು ಹಾಕಿಕೊಂಡು ಕೂತೆ ಎಂದರೂ ನಡೆದೀತು. ಊಟದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ಟೀ ಇಲ್ಲ ಎಂದಾಗ ಅವನಿಗೆ ತನ್ನ ಪ್ರೀತಿಯನ್ನೇ ಕಸಿದುಕೊಂಡಂತಾಯಿತು. "ಮತ್ತೆ ನಾನೇನು ಕೊಡ್ಲಿ ಅವ್ಳಿಗೆ?" ಎಂದು ಮುಖ ಊದಿಸಿದ. ನೆಲ್ಲಿಕಾಯಿ ತಂದು ಕೊಡು, ನಿಂಬೆಹಣ್ಣು ಹಿಂಡಿ ಕೊಡು ಎಂದೆ. ಮರುದಿನವೇ ಒಂದು ಮೂಟೆ ನೆಲ್ಲಿಕಾಯಿ ತಂದು ಇಳಿಸಿದ, ಗಿರಾಕಿಗಳೂ ತಿನ್ನಬೇಕಾಯಿತು. ಸೊಪ್ಪು, ಹುರುಳಿ, ಎಳ್ಳು ಬೆಲ್ಲ, ಕೆರೆಯ ಮೀನು, ವಾರಕ್ಕೊಮ್ಮೆ ಕುರಿಯ ಈಲಿ, ಅಂದರೆ ಲಿವರ್ರು, ಹುರಿದು ಮೆಣಸು ಹಾಕಿದ್ದು. ನರ್ಸಮ್ಮನ ಮಾತ್ರೆ ನುಂಗಿದರೆ ಹೊಟ್ಟೆ ಕಲ್ಲಾಗುತ್ತದೆ ಎಂದು ನೀಲವೇಣಿ ದೂರಿದಳು. ಕಲ್ಲಾದರೆ ಆಗಲಿ, ಬಾಳೆಹಣ್ಣು ತಿನ್ನು, ಹೆಂಚಿಗಿಂತ ವಾಸಿ ಎಂದೆ. ಏಳನೇ ತಿಂಗಳಲ್ಲಿ ಹೆಂಚಿನ ವಾಸನೆ ಬೇಡವಾಯಿತು. ಎಂಟರಲ್ಲಿ ರೆಪ್ಪೆ ಕೆಂಪೇರಿತು. ಒಳಗಿನದು ಒದೆಯುವುದಕ್ಕೆ ಶುರುಮಾಡಿ ಅವಳಿಗೆ ಕೂರಲು ಬಿಡಲಿಲ್ಲ.

ಹೆರಿಗೆ ಬೆಳಗಿನ ಹತ್ತು ಗಂಟೆಗೆ ಆಯಿತು. ನರ್ಸಮ್ಮನೂ ಪಕ್ಕದಲ್ಲಿದ್ದಳು. ಗಂಡು. ಅವಳ ತೂಗುತಕ್ಕಡಿಯಲ್ಲಿ ಮೂರು ಕಿಲೋ ಮುನ್ನೂರು ಗ್ರಾಂ. ಅಳು ಅಂಗಡಿ ದಾಟಿ ಬೀದಿಗೆ ಹೋಯಿತು. ಮಾಸು ಒಂದು ರೊಟ್ಟಿಯಷ್ಟೇ ಅಗಲ, ಅಂಚು ಚೊಕ್ಕವಾಗಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಳು ಬಂತು. ಯಾರಿಗೂ ಕಾಣದಂತೆ ಭುಜಕ್ಕೆ ಮುಖ ಒರೆಸಿಕೊಂಡು ಹೂತು ಬಂದೆ.

ಒಂಬತ್ತನೇ ದಿನ ಬಳ್ಳಿ ಆರೂವರೆ ಮೊಳ ಎದ್ದಿತ್ತು. ಶೀಟಿನ ಅಂಚಿಗೂ ಮುಟ್ಟಿರಲಿಲ್ಲ. ಮನಸ್ಸಿನ ರೂಢಿ ಒಂದೇ ದಿನದಲ್ಲಿ ಹೋಗುತ್ತದೆಯೇ, ಬಂದವರು ಬಳ್ಳಿ ನೋಡಿ ಲೊಚಗುಟ್ಟಿದರು. ಬೋರಲಿಂಗನ ಮುಖವೂ ಒಂದು ಗಳಿಗೆ ಬಾಡಿತು. ಗುರುಸಿದ್ದಮ್ಮ ಮಾತ್ರ ಬಳ್ಳಿಯ ಕಡೆ ತಿರುಗಿಯೂ ನೋಡದೆ ನೇರ ಒಳಗೆ ಹೋಗಿ, ಮಗುವಿನ ತೊಡೆ ಚಿವುಟಿ ನೋಡಿ ಬಂದಳು.

ನೀಲವೇಣಿ ನಗುತ್ತಿರಲಿಲ್ಲ. ಹಾಲು ಕೊಡುತ್ತಿದ್ದಳು, ಸ್ನಾನಕ್ಕೆ ಕೊಡುತ್ತಿದ್ದಳು, ಆದರೆ ಮುದ್ದುಗರೆಯುತ್ತಿರಲಿಲ್ಲ. ಹೆಸರಿಡುವ ಮಾತೆತ್ತಿದರೆ ಆಮೇಲೆ ಎನ್ನುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು, ಅವಳ ಜೊತೆ ನಾನೂ ದಿನ ಎಣಿಸುತ್ತಿದ್ದೆ. ಇಪ್ಪತ್ತನೇ ದಿನ ನಾನು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅವಳ ಮನೆಯಲ್ಲೇ ಏನೋ ನೆಪ ಹೇಳಿಕೊಂಡು ಕೂತಿದ್ದೆ. ಅವನು ಉಂಡ, ಮಲಗಿದ, ಎದ್ದು ಕಿರುಚಿದ, ಮತ್ತೆ ಉಂಡ.

ಇಪ್ಪತ್ತೊಂದನೇ ದಿನ ಬಿಸಿಲೇರುವ ಹೊತ್ತಿಗೆ ಅವಳೇ ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಬಾಣಂತಿ ಹೊಸಿಲು ದಾಟಬಾರದು ಎಂದು ಹೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಚಾಪೆ ಹಾಸಿದೆ. ಕೂತಳು.

"ಒಂದ್ಮಾತು ಕೇಳ್ತೀನಿ ಅಕ್ಕ. ನಿಜ ಯೋಳ್ಬೇಕು."

"ಕೇಳವ್ವ."

"ಆವಾಗ್ಲೂ ಹಿಂಗೇ ಉಂಡಿದ್ರೆ, ಅವ್ಳು ಉಳೀತಿದ್ಲಾ?"

ಇಂಥ ಪ್ರಶ್ನೆಗೆ ನನ್ನ ಬಳಿ ಉತ್ತರಗಳಿಗೆ ಬರವಿರಲಿಲ್ಲ. ಋಣ ಇರಲಿಲ್ಲ, ದೇವರಿಚ್ಛೆ, ಹಣೆಬರಹಕ್ಕೆ ಹೊಣೆ ಯಾರು. ಮೂವತ್ತೊಂದು ವರ್ಷದಲ್ಲಿ ಎಷ್ಟು ತಾಯಂದಿರಿಗೆ ಹೇಳಿದ್ದೇನೋ. ಅವೆಲ್ಲ ನಾಲಗೆಯವರೆಗೂ ಬಂದವು.

"ಉಳೀತಿದ್ಲು ಕಣವ್ವ," ಎಂದೆ. "ನಿನ್ನ ಪಾಲು ಅರ್ಧ ಮಾಡಿದ್ದು ನಾನು. ತಪ್ಪು ನಂದು."

ಅವಳು ನನ್ನನ್ನೇ ನೋಡಿದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದು ಕೂಗಿಕೊಂಡು ಹೋದಳು. ಎದ್ದು ಹೋಗುತ್ತಾಳೆ, ಇನ್ನು ಈ ಬಾಗಿಲಿಗೆ ಬರುವುದಿಲ್ಲ ಎಂದುಕೊಂಡೆ. ಅವಳು ಮುಂದಕ್ಕೆ ಬಾಗಿ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು.

"ಇವ್ನಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕೋಳು ನೀನೇ," ಎಂದಳು. "ಇವ್ನು ನಡೆಯೋಗಂಟ. ಮಳೆ ಬರ್ಲಿ, ಜರ ಬರ್ಲಿ, ಒಂದಿನಾನೂ ತಪ್ಪಿಸ್ಕೂಡ್ದು. ನೀನೇ ಬರ್ಬೇಕು."

"ಬತ್ತೀನಿ," ಎಂದೆ.

"ಇವತ್ತಿಂದು ಇನ್ನೂ ಆಗಿಲ್ಲ."

ಅವನು ನನ್ನ ಹೊಟ್ಟೆಗೆ ಕಾಲಲ್ಲಿ ಒದೆಯುತ್ತ ಮಲಗಿದ್ದ. ನಾನು ಎಣ್ಣೆಯ ಬಟ್ಟಲು ಎಳೆದುಕೊಂಡೆ.